ಮರಳು

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಒಂದು ಶನಿವಾರ
ತಿಪ್ಪೇಶಿಯ ಕೈಯಲ್ಲಿ
ನಲವತ್ತೆರಡು ಹುಡುಗರ ಅಂಕಗಳು ಮಾಯವಾದವು.
ಪಟ್ಟಿಯನ್ನು ಜೋಡಿಸು ಅಂದಿದ್ದ,
ಬಂದದ್ದನ್ನು ಅದೇ ಹೆಸರಿನಲ್ಲಿ ಹಿಡಿದಿಟ್ಟಿದ್ದ.
ಪರದೆ ಹೇಳಿತು: ಏನೂ ಇಲ್ಲ.
'ನಾ ಕೊಟ್ಟಿದ್ದೆ ಮೇಡಂ, ಅದು ವಾಪಸ್ ಕೊಡ್ಲಿಲ್ಲ'
ಅಂದ, ಕಂಡಕ್ಟರ್ ಚಿಲ್ಲರೆ ನುಂಗಿದ ಹಾಗೆ.

ಕೈಪಿಡಿ ತೆಗೆದು ನೋಡಿದೆ.
ಆ ಫಂಕ್ಷನ್ನಿಗೆ ಅಲ್ಲಿ ಒಂದೇ ವಾಕ್ಯ:
'ಇದು ಸುಮ್ಮನೆ ಪಟ್ಟಿಯನ್ನು ಜೋಡಿಸುತ್ತದೆ.'
ಬರೆದವನಿಗೆ ಗೊತ್ತಿತ್ತು.
ಗೊತ್ತಿದ್ದವರು ಬರೆಯುವುದೇ ಹೀಗೆ,
ತಮ್ಮ ಮನೆಗೆ ದಾರಿ ಹೇಳುವವರ ಹಾಗೆ:
ನೇರ ಬನ್ನಿ, ಅಲ್ಲೇ ಇದೆ.

ತಿದ್ದುತ್ತೇನೆ ಅಂತ ಕೂತದ್ದು ರಾತ್ರಿ ಹತ್ತಕ್ಕೆ.
ದಾವಣಗೆರೆಯಲ್ಲಿ ನಮ್ಮದು
ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ;
ಕಿಟಕಿಯ ಸರಳಿಗೂ ಕೀಬೋರ್ಡಿಗೂ ಒಂದೇ ಮಸಿ.
'ಇದ್ದಲ್ಲೇ ಜೋಡಿಸುತ್ತದೆ' ಎಂದು ಬರೆದೆ.
ಇದ್ದಲ್ಲೇ ಅಂದರೆ? ಅಳಿಸಿದೆ.
'ಹೊಸ ಪಟ್ಟಿ ಮಾಡುವುದಿಲ್ಲ' ಎಂದು ಬರೆದೆ.
ಮಾಡದ್ದನ್ನು ಹೇಳಿದರೆ ಮಾಡುವುದು ತಿಳಿದೀತೇ? ಅಳಿಸಿದೆ.
ಹನ್ನೆರಡಕ್ಕೆ ಉಳಿದದ್ದು ಒಂದು ಅಲ್ಪವಿರಾಮ.

ನಸುಕಿಗೆ ಹಾಲು ತರಲು ಹೊರಟವಳು
ಜೈಬೂನಮ್ಮನ ಭಟ್ಟಿಯ ಬಾಗಿಲಲ್ಲಿ ನಿಂತೆ.
ಹೊಸದಾಗಿ ಸೇರಿದ ಹುಡುಗಿ ಕೇಳುತ್ತಿದ್ದಳು,
'ಎಷ್ಟೊತ್ತು ಹುರೀಬೇಕು?'
'ಹದ ಬರೋತನಕ.'
'ಹದ ಯಾವಾಗ ಬರ್ತೈತಿ?'
'ಬಂದಾಗ ಗೊತ್ತಾಗ್ತೈತಿ.'

ನಗು ಬಂತು ನನಗೆ. ಅದೇ ಕೈಪಿಡಿ, ಅದೇ ವಾಕ್ಯ.
ಆದರೆ ಜೈಬೂನಮ್ಮ ಅಲ್ಲಿಗೇ ಬಿಡಲಿಲ್ಲ.
ಹುಡುಗಿಯ ಅಂಗೈಗೆ ನಾಲ್ಕು ಕಾಳು ಅಕ್ಕಿ ಹಾಕಿ
'ಎಸಿ ಇವನ್ನ ಮರಳಿಗೆ. ಎಣಿಸು.
ಮೂರು ಅನ್ನೋದ್ರಾಗ ಅರಳಿದ್ರೆ ಉಳಿದದ್ದು ಸುರಿ.
ಐದಾದ್ರೂ ಬಿದ್ದಲ್ಲೇ ಬಿದ್ದಿದ್ರೆ ಒಲಿಗೆ ಹೊಟ್ಟು ಹಾಕು.
ಬಿದ್ದ ಕೂಡ್ಲೇ ಕಪ್ಪಾದ್ರೆ, ಬೆಂಕಿ ಎಳಿ ಹೊರಗೆ,
ನನ್ನ ಕರಿ.'

ಜರಡಿ ಅಲುಗಿತು. ಮಂಡಕ್ಕಿ ಮೇಲೆ,
ಮರಳು ಕೆಳಗೆ, ಮತ್ತೆ ಅದೇ ಬಾಣಲೆಗೆ.
ಮರಳು ಮರಳಿತು, ಅಂದುಕೊಂಡೆ.
ಒಂದೇ ಮಾತಿಗೆ ಎರಡು ಕೆಲಸ;
ಇಷ್ಟು ಕಾಲದಿಂದ ನಮ್ಮ ಬಾಯಿ ಇದನ್ನು
ಯಾವ ಟಿಪ್ಪಣಿಯೂ ಇಲ್ಲದೆ ಹೊತ್ತಿದೆ.

ಹಾಲು ಮರೆತು ಮನೆಗೆ ಬಂದೆ.
ಮೊದಲು 'ಸುಮ್ಮನೆ' ಎಂಬ ಪದವನ್ನು ಹೊಡೆದುಹಾಕಿದೆ.
ಸುಮ್ಮನೆ ಅರಳುವ ಕಾಳು ಯಾವ ಭಟ್ಟಿಯಲ್ಲಿದೆ?
ಆಮೇಲೆ ಬರೆದೆ:

'ನೀವು ಕೊಟ್ಟ ಪಟ್ಟಿಯೇ ಜೋಡಣೆಗೊಳ್ಳುತ್ತದೆ.
ಮರಳಿ ಬರುವುದು: ಏನೂ ಇಲ್ಲ.
ಕೈ ಚಾಚಬೇಡಿ, ಕೊಟ್ಟಲ್ಲೇ ನೋಡಿ.
ಖಾಲಿ ಪಟ್ಟಿ ಕೊಟ್ಟರೆ ಖಾಲಿಯೇ ಉಳಿಯುತ್ತದೆ; ಅದು ತಪ್ಪಲ್ಲ.
ಉದಾಹರಣೆ: ಹಾಲಪ್ಪನ ಮೂಟೆ ಏಳು ಕಿಲೋ,
ಗೌಸ್‌ಪೀರನದು ಐದು, ಶಿವಗಂಗಮ್ಮನದೂ ಏಳು.
ತೂಕದಂತೆ ಜೋಡಿಸಿದರೆ
ಗೌಸ್‌ಪೀರ, ಹಾಲಪ್ಪ, ಶಿವಗಂಗಮ್ಮ.
ತೂಕ ಒಂದೇ ಆದಾಗ
ಮೊದಲು ನಿಂತವರು ಮೊದಲೇ ನಿಂತಿರುತ್ತಾರೆ.'

ಹದಿನೇಳು ದಿನ ಕಳೆದು ಒಪ್ಪಿಗೆ ಬಂತು,
ಯಾವ ದೇಶದ ಯಾರೋ ಪರಿಶೀಲಿಸಿದ್ದರು:
'ಚೆನ್ನಾಗಿದೆ. ಆದರೆ ಇವರೆಲ್ಲ ಯಾರು?
ಅ, ಆ, ಇ ಸಾಕಲ್ಲವೇ?'
ಸಾಕು ಅಂದೆ.
ಕಿಲೋಗಳನ್ನು ಬಿಟ್ಟುಕೊಡಲಿಲ್ಲ.
ಶಿವಗಂಗಮ್ಮ ಈಗ ಅಲ್ಲಿ ಇ, ಏಳು ಕಿಲೋ,
ಅ-ನ ಹಿಂದೆ, ತನ್ನ ಸರದಿಯಲ್ಲಿ.

ಮುಂದಿನ ಸೆಮಿಸ್ಟರಿನಲ್ಲಿ ತಿಪ್ಪೇಶಿ
ಆ ಪುಟವನ್ನು ಬೆರಳಿಟ್ಟು ಓದಿದ, ತಲೆ ಕೆರೆದುಕೊಂಡ.
'ಮೊದ್ಲಿಂದ ಇಲ್ಲೇ ಇತ್ತಲ್ಲ ಮೇಡಂ,
ನಾನೇ ನೋಡಿರ್ಲಿಲ್ಲ.'
ಹೂಂ ಅಂದೆ.

ಈಗ ಅವನು 'ಹುಡುಕು' ಎಂಬ ಫಂಕ್ಷನ್ನಿನ ಪುಟದಲ್ಲಿದ್ದಾನೆ.
ಹುಡುಕಿದ್ದು ಸಿಗದೇ ಹೋದರೆ ಏನು ಮರಳುತ್ತದೆ,
ಅಲ್ಲಿ ಇನ್ನೂ ಯಾರೂ ಬರೆದಿಲ್ಲ.